ಹಿಂದೆ ಜಾಗವಿಲ್ಲದ ಗಾಡಿ

ಶವ ಸಾಗಿಸುವ ವ್ಯಾನು ಓಡಿಸುತ್ತಿದ್ದ ಅವನಿಗೆ ಊರಿನವರು ಇಟ್ಟ ಹೆಸರು ಮೆಲ್ಲಣ್ಣ. ಅವನ ನಿಧಾನ ಅಂತಿಂಥದ್ದಲ್ಲ. ವ್ಯಾನಿನ ತಲೆಯ ಮೇಲೆ ಕಾಗೆಯೊಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳಿಗೆ ಹಾರುವುದನ್ನು ಕಲಿಸಿ ಕಳುಹಿಸಿದ ಮೇಲೂ ಮೆಲ್ಲಣ್ಣ ಇನ್ನೂ ಅದೇ ಬೀದಿಯ ತಿರುವಿನಲ್ಲಿರುತ್ತಿದ್ದನಂತೆ. ಬಸವನಹುಳುಗಳು ಹಿಂದಿನಿಂದ ಬಂದು, ದಾರಿ ಬಿಡಪ್ಪಾ ಎಂದು ಗೊಣಗುತ್ತಿದ್ದವಂತೆ. ಅವನು ಇದಕ್ಕೆಲ್ಲ ಬೇಸರ ಮಾಡಿಕೊಂಡವನಲ್ಲ. ಹಿಂದೆ ನಡೆದು ಬರುವವರಲ್ಲಿ ಎಲ್ಲರಿಗಿಂತ ಹಿಂದೆ ಬೀಳುವವರು ಯಾರೆಂದು ಕನ್ನಡಿಯಲ್ಲಿ ನೋಡಿಕೊಂಡು, ಅವರ ಹೆಜ್ಜೆಗೆ ಗಾಡಿಯನ್ನು ಹೊಂದಿಸುವುದು ಅವನ ಕೆಲಸದ ಕ್ರಮ. ಒಳಗೆ ಮಲಗಿದವರಿಗಂತೂ ಅವಸರವಿರುತ್ತಿರಲಿಲ್ಲ.

ಹೆಂಡತಿ ಮಾತ್ರ ಅವನು ಓಡಿಸುವ ಯಾವ ವಾಹನದಲ್ಲೂ ಕೂರುತ್ತಿರಲಿಲ್ಲ. ಪೇಟೆಗೆ, ಆಸ್ಪತ್ರೆಗೆ, ತಂಗಿಯ ಮನೆಗೆ, ಎಲ್ಲಕ್ಕೂ ಬಸ್ಸು. ಕಾರಣ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಇದ್ದೊಬ್ಬ ಮಗ ಏಳನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಾಗ ವ್ಯಾನು ಓಡಿಸಿದವನು ಮೆಲ್ಲಣ್ಣನೇ. ಬೇರೊಬ್ಬ ಡ್ರೈವರ್ ಬರುತ್ತೇನೆಂದರೂ ಬಿಡಲಿಲ್ಲ. ಅವನ ಕೈಯಲ್ಲಿ ಗಾಡಿ ಕುಲುಕುತ್ತದೆ ಎಂದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ದಾರಿಯುದ್ದಕ್ಕೂ ಅವನ ಮುಖವನ್ನೇ ನೋಡಿದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಇಸ್ತ್ರಿ ಮಾಡಿದ ಅಂಗಿ, ಸ್ಟಿಯರಿಂಗಿನ ಮೇಲೆ ಎರಡೂ ಕೈ, ಕಣ್ಣು ರಸ್ತೆಯ ಮೇಲೆ. ಯಾರದೋ ಮಗುವನ್ನು ಮುಟ್ಟಿಸುವ ಹಾಗೆ ಮುಟ್ಟಿಸಿದರಲ್ಲ ಎಂಬುದು ಅಂದಿನಿಂದ ಅವಳ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ನಿವೃತ್ತಿಯಾದ ಮೇಲೆ ಒಂದು ದಿನ ಊಟದ ಹೊತ್ತಿಗೆ ಅವನು ಮಾತು ತೆಗೆದ.

"ಒಂದು ಗಾಡಿ ತಗೊಳ್ಳೋಣ ಅಂತಿದ್ದೀನಿ. ಕೆಲಸಕ್ಕಲ್ಲ, ಸುಮ್ನೆ ಮಜಾಕ್ಕೆ. ನೀನೂ ಪಕ್ಕದಲ್ಲಿ ಕೂತ್ರೆ..."

"ಹಿಂದೆ ಜಾಗವೇ ಇಲ್ಲದ ಗಾಡಿ ಇದ್ರೆ ತನ್ನಿ, ಕೂತ್ಕೋತೀನಿ," ಎಂದಳು ಅವಳು. ಅಂಥದ್ದು ಭೂಮಿಯ ಮೇಲೆ ಇಲ್ಲವೆಂಬ ಧೈರ್ಯ. ಪಾಪ, ಸ್ಪೋರ್ಟ್ಸ್ ಕಾರು ಎಂಬುದೊಂದಿದೆ ಎಂದು ಅವಳಿಗೆ ತಿಳಿದಿರಲಿಲ್ಲ.

ಹಳೆಯ ಕಾರುಗಳ ವ್ಯಾಪಾರಿಯ ಶೆಡ್ಡಿಗೆ ಇಬ್ಬರೂ ಹೋದರು. ಬಸ್ಸಿನಲ್ಲೇ, ಅವಳು ಕೂತು, ಅವನು ಅವಳ ಪಕ್ಕದಲ್ಲಿ ನಿಂತುಕೊಂಡು. ಅವಳು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು. ಮೆಲ್ಲಣ್ಣ ಪ್ರತಿ ಕಾರಿನ ಹಿಂಭಾಗಕ್ಕೆ ಹೋಗಿ, ಡಿಕ್ಕಿ ತೆಗೆಸಿ, ಗೇಣು ಹಾಕಿ ಅಳೆದ.

"ಎಲ್ಲರೂ ಇಂಜಿನ್ ನೋಡ್ತಾರೆ ಯಜಮಾನ್ರೇ. ನೀವೇನು, ಬರೀ ಹಿಂದೆ?" ವ್ಯಾಪಾರಿಗೆ ಸೋಜಿಗ.

"ಇದರಲ್ಲಿ ಒಬ್ಬರು ಆರಾಮಾಗಿ ಹಿಡೀತಾರೆ. ಬೇಡ."

"ಹಿಡಿದ್ರೆ ಒಳ್ಳೇದೇ ಅಲ್ವಾ? ಹೋಗ್ಲಿ, ಇದು ನೋಡಿ. ನಮ್ಮಜ್ಜನ ಕಾಲದ್ದು, ಇನ್ನೂ ಮದುಮಗಳ ಹಾಗಿದೆ."

"ಇದರಲ್ಲಿ ಸ್ವಲ್ಪ ಕಾಲು ಮಡಿಸಬೇಕಾಗುತ್ತೆ. ಆದ್ರೂ ಹಿಡೀತಾರೆ."

"ಕೂತೋರು ಕಾಲು ಮಡಿಸದೆ ಇನ್ನೇನು ತಲೆ ಮೇಲೆ ಹೊತ್ಕೋತಾರಾ?"

"ಕೂರೋರ ಮಾತಲ್ಲಪ್ಪ ನಾನು ಆಡ್ತಿರೋದು," ಎಂದ ಮೆಲ್ಲಣ್ಣ. ವ್ಯಾಪಾರಿ ಡಿಕ್ಕಿ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

ಕೊನೆಗೆ ಮೂಲೆಯಲ್ಲೊಂದು ಸಿಕ್ಕಿತು. ಕೆಂಪು ಬಣ್ಣ, ಮೇಲೆ ಚಾವಣಿಯಿಲ್ಲ, ಎರಡೇ ಸೀಟು. ಡಿಕ್ಕಿಯಲ್ಲಿ ಬದಲಿ ಚಕ್ರವೊಂದನ್ನು ತುರುಕಿದ ಮೇಲೆ ಇರುವೆ ಕೂಡ ಅಡ್ಡಡ್ಡ ನಡೆಯಬೇಕು. ಅವನು ಹೆಂಡತಿಯನ್ನು ಕರೆದ. ಅವಳು ಸೀಟಿನ ಹಿಂದೆ ಕೈಯಿಳಿಸಿ ತಡವಿದಳು. ಅಂಗೈ ಕೂಡ ಸರಿಯಾಗಿ ಹೋಗಲಿಲ್ಲ. ಕೊಟ್ಟ ಮಾತು ಕೊಟ್ಟಾಗಿತ್ತು. ಬಾವಿಗೆ ಇಳಿಯುವವಳ ಹಾಗೆ ಆ ತಗ್ಗು ಸೀಟಿಗೆ ಇಳಿದು ಕೂತಳು.

"ಒಂದು ಸುತ್ತು ಹೋಗಿ ಬನ್ನಿ. ಗಾಳಿ ಇದು, ಗಾಳಿ," ಎಂದು ವ್ಯಾಪಾರಿ ಕೀಲಿ ಕೊಟ್ಟ.

ಇಂಜಿನ್ ಹೂಂಕರಿಸಿದ ಸದ್ದಿಗೆ ಮೂರು ಬೀದಿಯಾಚೆ ಮಲಗಿದ್ದ ನಾಯಿಗಳು ವಲಸೆ ಹೋದವಂತೆ. ಆಮೇಲೆ ಕಾರು ರಸ್ತೆಗಿಳಿದು, ಮೆಲ್ಲಗೆ, ಬಹಳ ಮೆಲ್ಲಗೆ, ಹೊರಟಿತು. ಮೆಲ್ಲಣ್ಣನ ಕಾಲಿಗೆ ಬೇರೆ ವೇಗ ಗೊತ್ತಿರಲಿಲ್ಲ. ಅಂಗಡಿಯೆದುರು ಹರಟುತ್ತಿದ್ದವರು ಅವನ ಮುಖ ಕಂಡವರೇ ಎದ್ದು ನಿಂತರು. ಒಬ್ಬ ಟೋಪಿ ತೆಗೆದ. ಕ್ಷೌರಿಕನು ಅರ್ಧ ಬೋಳಿಸಿದ ಗಿರಾಕಿಯೊಂದಿಗೆ ಬಾಗಿಲಿಗೆ ಬಂದು, "ಹೋದೋರು ಯಾರೋ ಶೋಕಿಯವರು ಇರಬೇಕು, ಕೆಂಪು ಗಾಡಿ ತರಿಸಿದ್ದಾರೆ," ಎಂದ. ಹಿಂದೆ ವಾಹನಗಳು ಸಾಲುಗಟ್ಟಿದವು. ದಾಟಿ ಹೋಗಲು ಯಾರಿಗೂ ಮನಸ್ಸು ಬರಲಿಲ್ಲ.

"ಜೋರಾಗಿ ಓಡ್ಸಿ," ಎಂದಳು ಹೆಂಡತಿ.

"ಓಡಿಸ್ತಿದ್ದೀನಲ್ಲ."

"ಇದಾ ಜೋರು? ನಡೆದ್ರೆ ನಾನೇ ಮುಂದೆ ಹೋಗ್ತೀನಿ." ಅವಳು ಬಾಗಿಲು ತೆಗೆದು ಇಳಿದೇಬಿಟ್ಟಳು. ಅದಕ್ಕಾಗಿ ಕಾರು ನಿಲ್ಲುವ ಅಗತ್ಯವೂ ಬೀಳಲಿಲ್ಲ. ಕಾರಿನ ಪಕ್ಕದಲ್ಲೇ ನಡೆಯುತ್ತ, ಅವನ ಕಡೆ ನೋಡದೆ ಹೇಳಿದಳು: "ಅವತ್ತೂ ಹೀಗೇ ಓಡಿಸಿದ್ರಿ."

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಇಲ್ಲ."

"ಇಲ್ಲ ಅಂದ್ರೆ? ನಾನು ಪಕ್ಕದಲ್ಲೇ ಇರ್ಲಿಲ್ವಾ? ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೀವು."

"ಅವತ್ತು ಇದಕ್ಕಿಂತ ನಿಧಾನ ಓಡಿಸಿದ್ದೆ ಕಣೆ. ಹಿಂದೆ ಬರೋರು ನಿಂತು ನಿಂತು ಬರ್ತಿದ್ರು. ತಲುಪಿದ್ರೆ ಅವನನ್ನ ಇಳಿಸಬೇಕಲ್ಲ... ಅತ್ರೆ ಕಣ್ಣು ಮಂಜಾಗುತ್ತೆ. ಗುಂಡಿ ಕಾಣಲ್ಲ. ಮಗು ಕುಲುಕಿಹೋಗುತ್ತೆ ಅಂತ ತಡ್ಕೊಂಡಿದ್ದೆ."

ಅವಳ ಹೆಜ್ಜೆ ತಪ್ಪಿತು. ಕಾರಿನ ಬಾಗಿಲನ್ನು ಹಿಡಿದುಕೊಂಡಳು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀನು ಬಸ್ಸಲ್ಲಿ ಹೋಗ್ತಿದ್ದೆ."

"ನಿಲ್ಲಿಸಿ," ಎಂದಳು. ಅವನು ನಿಲ್ಲಿಸಿದ. ಅವಳು ಮತ್ತೆ ಆ ತಗ್ಗು ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಅವನು ಗೇರಿಗೆ ಕೈಯಿಟ್ಟ. ಗೇರು ಬೀಳಲಿಲ್ಲ. ತಡೆದಿಟ್ಟಿದ್ದು ಇಷ್ಟು ಕಾಲದ ಮೇಲೆ, ನಡು ರಸ್ತೆಯಲ್ಲಿ, ಮಜಾಕ್ಕೆಂದು ನೋಡಲು ಬಂದ ಗಾಡಿಯಲ್ಲಿ ಕಿತ್ತುಕೊಂಡು ಬಂತು. ಅಂಗಿಯ ಎದೆಯೆಲ್ಲ ಒದ್ದೆಯಾಯಿತು. ಅವಳು ಅವನ ಕೈಯ ಮೇಲೆ ಕೈಯಿಟ್ಟಳು.

"ರಸ್ತೆ ಕಾಣ್ತಿದೆಯಾ?" ಎಂದು ಕೇಳಿದಳು.

"ಇಲ್ಲ."

"ಹಾಗಾದ್ರೆ ಸ್ವಲ್ಪ ಹೊತ್ತು ಇಲ್ಲೇ ಇರೋಣ."