ಭಂಡಾರದ ಸಾಹೇಬರು

ಪರಸಪ್ಪನವರಿಗೆ ಎರಡು ಅಂಗಿಗಳಿದ್ದವು. ಒಂದು ಊರಿಗೆ, ಇನ್ನೊಂದು ರೋಗಕ್ಕೆ. ಊರಿನದು ಬಿಳಿ ಅಂಗಿ, ನೀಲಿ ಹಾಕಿ ಒಗೆದದ್ದು. ರೋಗದ ಅಂಗಿ ಹೊಲಿಸಿದಾಗ ಯಾವ ಬಣ್ಣದ್ದಿತ್ತೋ ಅವರಿಗೇ ನೆನಪಿರಲಿಲ್ಲ. ನಾನು ನೋಡುವ ಹೊತ್ತಿಗೆ ಅದು ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಹಳ್ಳದ ಆಚೆ ದಂಡೆಯ ಮೇಲೊಂದು ಜಾಲಿ ಗಿಡ. ಬೆಳಿಗ್ಗೆ ಬಂದವರೇ ಬಿಳಿ ಅಂಗಿ ಕಳಚಿ ಅದರ ಟೊಂಗೆಗೆ ಹಾಕಿ, ಹಳದಿ ಅಂಗಿ ತೊಟ್ಟು ಹೊಲಕ್ಕಿಳಿಯುತ್ತಿದ್ದರು. ಸಂಜೆ ಹಳದಿ ಅಂಗಿ ಕಳಚಿ, ಹಳ್ಳದ ನೀರಿನಲ್ಲಿ ತಲೆಯಿಂದ ಕಾಲಿನವರೆಗೆ ತೊಳೆದುಕೊಂಡು, ಉಗುರಿನ ಸಂದಿಯನ್ನೂ ಕಡ್ಡಿಯಿಂದ ಕೆರೆದು, ಆಮೇಲೆ ಬಿಳಿ ಅಂಗಿ. ಚಳಿಗಾಲದಲ್ಲೂ ಇದು ಒಂದು ದಿನ ತಪ್ಪಲಿಲ್ಲ.

ನಾನು ಆಗ ಮಸಗುಪ್ಪಿಯ ಶಾಲೆಯಲ್ಲಿ ಶಿಕ್ಷಕಿ. ಗೋಕಾಕದವಳು. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದರಿಂದ ತರಬೇತಿ ಮುಗಿಸಿ ನೌಕರಿಗೆ ಸೇರಿದ್ದೆ. ಗಂಗವ್ವ ಎಂಬ ಒಕ್ಕಲಗಿತ್ತಿಯ ಮನೆಯ ಹೊರಕೋಣೆಯಲ್ಲಿ ನನ್ನ ವಾಸ. ದೇಶಕ್ಕೆ ಸ್ವಾತಂತ್ರ್ಯ ಬಂದು ಏಳು ವರ್ಷವಾಗಿತ್ತು, ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಆ ವರ್ಷವೇ ಕೃಷಿ ಇಲಾಖೆ ಊರಾಚೆ, ಕುಲಗೋಡದ ದಾರಿಯಲ್ಲಿ, ಹಳ್ಳದ ಆ ಕಡೆ ಎರಡು ಎಕರೆ ಎರೆಹೊಲ ಹಿಡಿದು ಪರಸಪ್ಪನವರನ್ನು ಕಳಿಸಿತು. ಅವರು ಹುಕ್ಕೇರಿ ಕಡೆಯವರು, ಮೂಡಲಗಿಯಲ್ಲಿ ಕೋಣೆ ಹಿಡಿದು ದಿನವೂ ಬಂದುಹೋಗುತ್ತಿದ್ದರು. ಕೆಲಸ ಮಾತ್ರ ಊರಿನವರು ಕಂಡು ಕೇಳಿ ಅರಿಯದ್ದು. ಗೋಧಿಗೆ ಬೀಳುವ ರೋಗವನ್ನು ಅವರು ಬೆಳೆಯುತ್ತಿದ್ದರು.

ಗುಡಿಯಲ್ಲಿ ಹಣೆಗೆ ಹಚ್ಚುವ ಭಂಡಾರದಂತೆ ಎಲೆಯ ಮೇಲೆ ಹಳದಿ ಹುಡಿ ಏಳುವುದರಿಂದ ನಮ್ಮ ಕಡೆ ಆ ರೋಗಕ್ಕೂ ಭಂಡಾರವೆಂದೇ ಹೆಸರು. ಅದು ಬಿದ್ದ ವರ್ಷ ಕಾಳು ಜೊಳ್ಳು, ಹೊಟ್ಟೂ ದನಕ್ಕೆ ಸೇರದು. ಅಂಥದ್ದನ್ನು ಒಬ್ಬ ಸರಕಾರದ ಮನುಷ್ಯ ನೀರಿನಲ್ಲಿ ಕದಡಿ, ಸಂಜೆಯ ತಂಪಿನಲ್ಲಿ ಪಂಪಿನಿಂದ ಬೆಳೆಗೆ ಹೊಡೆಯುತ್ತಾನೆಂದರೆ ಜನ ಸುಮ್ಮನಿರುತ್ತಾರೆಯೇ? ಭಂಡಾರದ ಸಾಹೇಬ ಎಂದು ಹೆಸರಿಟ್ಟರು. ಎದುರಿಗೆ ಬಂದರೆ ದಾರಿ ಬಿಟ್ಟು ಸರಿದರು.

"ಹುಚ್ಚ ಐತೇನವಾ ಅದಕ್ಕ? ಉಣ್ಣೋ ಬೆಳಿಗೆ ಬ್ಯಾನಿ ಉಣಸತೈತಿ," ಎಂದು ಗಂಗವ್ವ ಬೈಯುತ್ತಿದ್ದಳು.

ಒಂದು ದಿನ ಹಳ್ಳದ ಈ ದಂಡೆಯಲ್ಲಿ ನಿಂತು ನಾನೇ ಕೇಳಿಬಿಟ್ಟೆ. ದಾಟಿ ಹೋಗಲು ಸೀರೆ ಎತ್ತಿ ಹಿಡಿದಿದ್ದೆ. ಅವರು ಎರಡೂ ಕೈ ಅಡ್ಡ ಮಾಡಿದರು.

"ಬರಬ್ಯಾಡ್ರಿ ಅಕ್ಕೋರ. ಅಲ್ಲೇ ನಿಂತ ಮಾತಾಡ್ರಿ. ಈ ಹುಡಿ ಸೀರಿಗೆ ಹತ್ತಿದ್ರ ಗಂಗವ್ವನ ಹೊಲಕ್ಕ ನೀವೇ ಮುಟ್ಟಿಸಿದಂಗಾಗತೈತಿ."

"ಮತ್ತ ಯಾಕ ಬೆಳಸಾಕತ್ತೀರಿ ಅದನ್ನ?"

"ಬ್ಯಾನಿ ಬರದ ಗಿಡಾ ಹುಡುಕಾಕ. ಬ್ಯಾನೀನ ಇಲ್ಲದಾಗ ಎಲ್ಲಾ ಗಿಡಾನೂ ಗಟ್ಟಿನರಿ. ಎಲ್ಲಾಕೂ ಮುಟ್ಟಿಸಬೇಕು. ಆಮ್ಯಾಲ ಯಾವುದರ ಒಂದು ನಾ ಬಗ್ಗಂಗಿಲ್ಲ ಅಂತ ನಿಲ್ಲತೈತೇನು ನೋಡಬೇಕು. ಅದರ ಕಾಳೇ ಬೀಜಾ."

ಅಲ್ಲಿಂದ ನಮ್ಮ ಮಾತು ಶುರುವಾಯಿತು. ಶಾಲೆ ಬಿಟ್ಟ ಮೇಲೆ ನಾನು ಈ ದಂಡೆಗೆ ಬಂದು ಕಲ್ಲಿನ ಮೇಲೆ ಕೂರುವುದು, ಅವರು ಆ ದಂಡೆಯಲ್ಲಿ ನಿಂತೇ ಬುತ್ತಿಯ ರೊಟ್ಟಿ ತಿನ್ನುವುದು. ನಡುವೆ ಹಳ್ಳ. ಮೂರು ವರ್ಷ ನಾವು ಮಾತಾಡಿದ್ದೆಲ್ಲ ನೀರಿನ ಮೇಲಿನಿಂದಲೇ. ಸ್ವಲ್ಪ ಜೋರಾಗಿ ಮಾತಾಡಬೇಕಾಗುತ್ತಿದ್ದುದರಿಂದ ಊರಿನವರಿಗೂ ಅನುಮಾನಪಡುವ ಕಷ್ಟ ಬರಲಿಲ್ಲ.

ಅವರ ಸುಖದುಃಖ ಊರಿನದಕ್ಕೆ ತಿರುಗಾಮುರುಗಾ. ಮಾರ್ಗಶಿರದಲ್ಲಿ ಒಣಹವೆ ಬಿದ್ದು ಬೆಳೆ ಹಸನಾಗಿ ಕಂಡರೆ ಊರೆಲ್ಲ ಹಿಗ್ಗುತ್ತಿತ್ತು. ಇವರೊಬ್ಬರೇ ಸಾವಿನ ಮನೆಯವರ ಹಾಗೆ ಮುಖ ಮಾಡಿಕೊಂಡು ಸಾಲುಗಳ ನಡುವೆ ತಿರುಗುತ್ತಿದ್ದರು. ಮೋಡ ಕವಿದು ಮಂಜು ಇಳಿದು ರೈತರು ತಲೆಗೆ ಕೈ ಹೊತ್ತ ದಿನ ಮೂಡಲಗಿಯಿಂದ ಜಿಲೇಬಿ ತಂದು, ಕಾಗದದ ಪೊಟ್ಟಣವನ್ನು ಶಾಲೆಯ ಕಟ್ಟೆಯ ಮೇಲಿಟ್ಟು ಹೋಗಿದ್ದರು. ಗಂಗವ್ವನಿಗೆ ಗೊತ್ತಾಗಿದ್ದರೆ ನನ್ನನ್ನು ಮನೆ ಬಿಡಿಸುತ್ತಿದ್ದಳು. ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ತಿಂದೆ.

ಅವರ ಹಟದ ಬೇರು ಎಲ್ಲಿತ್ತೆಂದು ಒಮ್ಮೆ ಮಾತ್ರ ಹೇಳಿದರು. ಅವರ ಅಪ್ಪ ಗೌಡರ ಹೊಲದಲ್ಲಿ ವರ್ಷದ ಆಳು. ರಾಶಿಯಾದ ಮೇಲೆ ಕಣದಲ್ಲಿ ಅಳೆದುಕೊಟ್ಟ ಕಾಳೇ ಅವರ ಮನೆಯ ಅನ್ನ.

"ಭಂಡಾರ ಬಿದ್ದ ವರ್ಷ ಹೊಲದವರಿಗೆ ಕಡಿಮಿ ಬರತಿತ್ತರಿ. ನಮಗ ಬರತಿದ್ದೇ ಇಲ್ಲ. ನಮ್ಮವ್ವ ಕಣದಾಗಿನ ಜೊಳ್ಳು ಬಳಕೊಂಡ ಬಂದು ಬೀಸತಿದ್ಲು. ರೊಟ್ಟಿ ತಟ್ಟಿದ್ರ ಒಡದ ಹೋಗತಿತ್ತು," ಎಂದರು. ಬುತ್ತಿಯ ಬಟ್ಟೆ ಕಟ್ಟುತ್ತ ಮುಂದುವರಿಸಿದರು, "ಮಂದಿಯಿಂದ ದೂರ ನಿಂದ್ರೂದು ನನಗ ಹೊಸಾದಲ್ಲ ಅಕ್ಕೋರ. ಸಾಲ್ಯಾಗ ಹೊರಗ ಕುಂತ ಕಲತಾಂವ ನಾ. ಆದ್ರ ಇಲ್ಲಿ ನಿಂತದ್ದು ನಾನ ಆರಿಸಿಕೊಂಡ ದೂರ. ಇದಕ್ಕ ಒಂದು ಕಾರಣ ಐತಿ."

ಅವರ ಬಾಯಲ್ಲಿ ಪದೇಪದೇ ಬರುವ ಮಾತೊಂದಿತ್ತು. ಯಾವುದಾದರೂ ಗಿಡ ಹಸಿರಾಗಿ ಕಂಡಾಗ ನಾನು ಈ ದಂಡೆಯಿಂದ, "ಸಾಹೇಬ್ರ, ಅಲ್ಲೊಂದು ಐತಿ ನೋಡ್ರಿ," ಎಂದು ಕೂಗಿದರೆ, ಬಗ್ಗಿ ಎಲೆ ತಿರುವಿ ನೋಡಿ ತಲೆಯಾಡಿಸುತ್ತಿದ್ದರು. "ಇದು ತಪ್ಪಿಸಿಕೊಂಡದ್ದರಿ. ತಡಕೊಂಡದ್ದಲ್ಲ." ಹುಡಿ ಮುಟ್ಟದೆ ಉಳಿದ ಗಿಡ ಬೇರೆ, ಮುಟ್ಟಿಯೂ ಉಳಿದ ಗಿಡ ಬೇರೆ. ಎರಡೂ ಒಂದೇ ರೀತಿ ಹಸಿರು. ತಡೆದುಕೊಂಡ ಗಿಡದ ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಕಲೆಗಳಿರುತ್ತವೆ, ರೋಗ ಹೊಕ್ಕು ಅಲ್ಲೇ ಸತ್ತ ಗುರುತು. ಅದನ್ನು ಅವರು ಭೂತಗನ್ನಡಿಯಲ್ಲಿ ಹುಡುಕುತ್ತಿದ್ದರು.

ಮೂರನೆಯ ಚಳಿಗಾಲದಲ್ಲಿ ಅಂಥದ್ದಿರಬಹುದೆನಿಸಿದ ಒಂದು ಗಿಡ ಅವರಿಗೆ ಸಿಕ್ಕಿತು. ಸಾವಿರಾರು ಗಿಡಗಳಲ್ಲಿ ಒಂದೇ ಒಂದು. ಖಾತ್ರಿಯಾಗುವವರೆಗೆ ಹೇಳಬಾರದೆಂದು ನನಗೂ ಹೇಳಲಿಲ್ಲ. ಗುರುತು ಕಟ್ಟಿದರೆ ದಾರಿಹೋಕರ ಕಣ್ಣು ಬೀಳುತ್ತದೆಂದು ಒಂದು ದಾರವನ್ನೂ ಕಟ್ಟಲಿಲ್ಲ. ಹದಿನಾಲ್ಕನೆಯ ಸಾಲು, ಹಳ್ಳದ ಕಡೆಯಿಂದ ಒಂಬತ್ತನೆಯ ಗಿಡ ಎಂದು ಪುಸ್ತಕದಲ್ಲಿ ಬರೆದಿಟ್ಟು ಸುಮ್ಮನಾದರು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ತೆನೆ ಹೊತ್ತ ಭೂಮಿ ಬಸುರಿ, ಅವಳಿಗೆ ಉಣ್ಣಿಸಬೇಕು. ಐದು ಕಲ್ಲಿಟ್ಟು ಪೂಜಿಸಿ, ಐದು ತೆನೆ ಏರಿಸಿ, ಮಾಡಿದ ಅಡಿಗೆಯನ್ನೆಲ್ಲ ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಪ್ರತಿವರ್ಷ ಗಂಗವ್ವನ ಬಂಡಿಯಲ್ಲಿ ನನಗೂ ಜಾಗವಿರುತ್ತಿತ್ತು. ಆ ವರ್ಷವೂ ಹೋದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಹೊಟ್ಟೆತುಂಬ ಉಂಡೆ. ಸುತ್ತ ಎಲ್ಲ ಹೊಲಗಳಲ್ಲೂ ಜನ. ಹಳ್ಳದ ಆಚೆಯ ಆ ಎರಡೆಕರೆ ಮಾತ್ರ ಬಿಕೋ ಎನ್ನುತ್ತಿತ್ತು. ಪರಸಪ್ಪನವರು ಕಚೇರಿಗೆ ವರದಿ ಕೊಡಲು ಗೋಕಾಕಕ್ಕೆ ಹೋಗಿದ್ದರು.

ಆ ಭೂಮಿಯೂ ತೆನೆ ಹೊತ್ತದ್ದೇ ಅಲ್ಲವೇ ಎನಿಸಿತು. ಮೂರು ವರ್ಷದಿಂದ ಅದಕ್ಕೆ ಯಾರೂ ಒಂದು ತುತ್ತು ಚೆಲ್ಲಿರಲಿಲ್ಲ. ಕೈ ತೊಳೆದು ಬರುತ್ತೇನೆಂದು ಸುಳ್ಳು ಹೇಳಿ, ಗಂಗಾಳದಲ್ಲಿ ಅಡಿಗೆ ಹಾಕಿಕೊಂಡು, ಎರಡು ಕೆಂಡವನ್ನು ಹೆಂಚಿನ ತುಂಡಿನಲ್ಲಿಟ್ಟುಕೊಂಡು, ಮೊದಲ ಸಲ ಹಳ್ಳ ದಾಟಿದೆ.

ಐದು ಕಲ್ಲಿಟ್ಟೆ. ಇನ್ನು ತೆನೆ ಬೇಕು. ಎಲ್ಲಿ ನೋಡಿದರೂ ಹಳದಿ, ಒಣಗಿದ ಎಲೆ, ಸೊರಗಿದ ತೆನೆ. ದೇವರಿಗೆ ಊನವಾದದ್ದನ್ನು ಏರಿಸುವಂತಿಲ್ಲ. ಹುಡುಕಿದೆ. ಎಲ್ಲದರ ನಡುವೆ ಒಂದು ಗಿಡ ತುಂಬು ಹಸಿರಾಗಿ ನಿಂತಿತ್ತು. ಸರಿಯಾಗಿ ಐದು ತುಂಬಿದ ತೆನೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಈ ಮನುಷ್ಯನ ಪೂಜೆಗಾಗಿಯೇ ಭೂಮಿತಾಯಿ ಒಂದನ್ನು ಉಳಿಸಿಟ್ಟಿದ್ದಾಳೆ ಎಂದುಕೊಂಡೆ. ಐದನ್ನೂ ಮುರಿದೆ. ಅಂಥ ಗಿಡಕ್ಕಾಗಿಯೇ ಅವರು ಕಾಯುತ್ತಿದ್ದಾರೆಂದು ಇಡೀ ಊರಿನಲ್ಲಿ ಬಲ್ಲವಳು ನಾನೊಬ್ಬಳೇ. ನೈವೇದ್ಯಕ್ಕೆ ಕೈ ಹಾಕುವಾಗ ಆ ತಿಳಿವಳಿಕೆ ಎಲ್ಲಿ ಹೋಗಿತ್ತೋ, ಇಂದಿಗೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ.

ಪೂಜೆ ಮಾಡಿ ಚರಗ ಚೆಲ್ಲಿದೆ. ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹಾಲುಗಾಳನ್ನು ಮುತ್ತುಗದ ಎಲೆಯಲ್ಲಿ ಕಟ್ಟಿದೆ. ತಿರುಗಿ ಬಂದಾಗ ಗಂಗವ್ವ ನನ್ನ ಸೀರೆಯ ಅಂಚು ನೋಡಿದಳು. ಹಳದಿಯಾಗಿತ್ತು. "ನಡಕೋಂತ ಬಾರವಾ ನೀ," ಎಂದಷ್ಟೇ ಹೇಳಿ ಬಂಡಿ ಹೊಡೆಸಿದಳು. ನಾನು ಒಬ್ಬಳೇ ನಡೆದು ಬಂದೆ.

ಮರುದಿನ ಸಂಜೆ ದಂಡೆಗೆ ಹೋದೆ. ಪರಸಪ್ಪನವರು ಆಗಷ್ಟೇ ಗೋಕಾಕದಿಂದ ಬಂದು ಬಿಳಿ ಅಂಗಿಯಲ್ಲೇ ನಿಂತಿದ್ದರು. ಅಂದು ನನ್ನನ್ನು ತಡೆಯುವ ಮೊದಲೇ ಹಳ್ಳ ದಾಟಿ ಪೊಟ್ಟಣ ಕೊಟ್ಟೆ.

"ಪ್ರಸಾದರಿ. ನಿಮ್ಮ ಹೊಲಕ್ಕ ಚರಗಾ ಚೆಲ್ಲಿನಿ ನಿನ್ನೆ."

ಅವರ ಮುಖ ಅರಳಿದ್ದು ನನಗೆ ನೆನಪಿದೆ. ಪೊಟ್ಟಣ ಬಿಚ್ಚಿ ಕಾಳು ನೋಡಿದರು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರು. ತುಂಬಿದ ಕಾಳು.

"ಯಾವ ಗಿಡದ್ದರಿ ಅಕ್ಕೋರ?"

ಕೈ ಮಾಡಿ ತೋರಿಸಿದೆ. ಅವರು ಅತ್ತ ಹೋಗಲಿಲ್ಲ. ಕಾಳನ್ನು ಹಣೆಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. "ಚಲೋ ಅದಾವರಿ. ಸಿಹಿ ಅದಾವು," ಎಂದರು. ಆಗ ಅವರ ಕಣ್ಣು ನೋಡಿ ನನಗೆ ಎಲ್ಲ ತಿಳಿದುಹೋಯಿತು. ನಾನು ಅಲ್ಲೇ ಕೂತು ಅತ್ತೆ. ಅವರು ಕತ್ತಲಾಗುವವರೆಗೆ ದೂರದಲ್ಲಿ ನಿಂತೇ ಇದ್ದರು.

ನಾಲ್ಕು ದಿನದ ಮೇಲೆ ಕೂಗಿ ಹೇಳಿದರು. ಆ ಗಿಡದ ಬುಡದಲ್ಲಿ ತಡವಾಗಿ ಒಡೆದ ಒಂದು ಸಣ್ಣ ಮರಿಕುಡಿ ಉಳಿದಿತ್ತಂತೆ, ನನ್ನ ಕಣ್ಣಿಗೆ ಬೀಳದ್ದು. ಅದು ಬಲಿಯುವವರೆಗೆ ಅವರು ದಿನವೂ ಅದರ ಬುಡಕ್ಕೆ ಒಂದು ತಂಬಿಗೆ ನೀರು ಹಾಕಿದರು. ಕೊನೆಗೆ ಸಿಕ್ಕಿದ್ದು ಹನ್ನೊಂದು ಕಾಳು. ಅದು ತಪ್ಪಿಸಿಕೊಂಡದ್ದೋ ತಡೆದುಕೊಂಡದ್ದೋ ಮುಂದಿನ ವರ್ಷ ಬಿತ್ತಿ, ಮತ್ತೆ ಹುಡಿ ಹೊಡೆದೇ ತಿಳಿಯಬೇಕು.

ಮುಂದಿನ ವರ್ಷ ಅವರಿಗೆ ಬರಲೇ ಇಲ್ಲ. ಕನ್ನಡ ನಾಡು ಒಂದಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಕಚೇರಿಗಳು ಬದಲಾದವು, ಕಾಗದಗಳು ಅಲ್ಲಿಂದಿಲ್ಲಿಗೆ ಹೋದವು. ಹೊಲ ಬಿಟ್ಟುಕೊಡಬೇಕೆಂದೂ ಅವರು ತುಂಗಭದ್ರೆಯ ಬಯಲಿಗೆ ಹತ್ತಿಯ ಕೆಲಸಕ್ಕೆ ಹೋಗಬೇಕೆಂದೂ ಬೇಸಿಗೆಯಲ್ಲಿ ಆದೇಶ ಬಂತು.

ಹೊರಡುವ ದಿನ ಬಿಳಿ ಅಂಗಿ ತೊಟ್ಟು ಗಂಗವ್ವನ ಮನೆಗೆ ಬಂದರು. ಊರಿನೊಳಗೆ ಒಂದು ಮನೆಯ ಮುಂದೆ ಅವರು ನಿಂತದ್ದು ಅದೇ ಮೊದಲು.

"ಈಗ ಹೊಲದಾಗ ಒಂದು ಹಸರ ಎಲಿ ಇಲ್ಲರಿ ಗಂಗವ್ವಾರ. ನನ್ನಿಂದ ಯಾರಿಗೂ ಏನೂ ಆಗಂಗಿಲ್ಲ," ಎಂದು ನಕ್ಕು, ಕುಡಿಯಲು ನೀರು ಕೇಳಿದರು.

ಗಂಗವ್ವ ತಂಬಿಗೆ ತಂದಳು. ಕೈಗೆ ಕೊಡಲಿಲ್ಲ. ಕಟ್ಟೆಯ ಮೇಲೆ ನಿಂತು ಮೇಲಿನಿಂದ ಸುರಿದಳು. ಅವರು ಬೊಗಸೆ ಒಡ್ಡಿ ಕುಡಿದರು. ಬೊಗಸೆಯಿಂದ ಸೋರಿದ ನೀರು ಬಿಳಿ ಅಂಗಿಯ ತೋಳು ತೋಯಿಸಿತು. ಮೂರು ವರ್ಷ ಊರು ಹೇಳಿದ ಭಂಡಾರದ ಭಯ ಎಷ್ಟು ನಿಜವಾಗಿತ್ತು, ಎಷ್ಟು ಅನುಕೂಲವಾಗಿತ್ತು ಎಂದು ನನಗೆ ಅಂದು ಹೊಳೆಯಿತು. ಪರಸಪ್ಪನವರಿಗೆ ಅದು ಮೊದಲೇ ಗೊತ್ತಿತ್ತು. ತಂಬಿಗೆಯನ್ನು ಅವಳ ಕೈಯಿಂದ ಕಸಿದು ಅವರಿಗೆ ಕೊಡಬೇಕಿತ್ತು ನಾನು. ಕೊಡಲಿಲ್ಲ. ಆ ಮನೆಯಲ್ಲಿ ಬಾಡಿಗೆಗೆ ಇದ್ದವಳು, ಹೆದರಿದೆ.

ಬಾಯಿ ಒರೆಸಿಕೊಂಡು ನನ್ನ ಕೈಗೊಂದು ಲಕೋಟೆ ಇಟ್ಟರು. "ಆರು ಕಾಳು ನಿಮ್ಮ ಹತ್ರ ಇರಲಿ ಅಕ್ಕೋರ, ಐದು ನಾ ಒಯ್ಯತೀನಿ. ನನ್ನವು ಕೆಟ್ರ ನಿಮ್ಮವಾರ ಉಳೀತಾವು. ಹೆಂಗ ಮಾಡಬೇಕು ನಿಮಗ ಗೊತ್ತೈತಿ."

"ನಾ ನಿಮ್ಮದು ಎಲ್ಲಾ ಹಾಳ ಮಾಡಿದೆನ್ರಿ," ಎಂದೆ.

"ನನ್ನ ಹೊಲಕ್ಕ ಚರಗಾ ಚೆಲ್ಲಿದವರು ನೀವೊಬ್ಬರೇರಿ," ಎಂದು ಹೇಳಿ ಮೂಡಲಗಿಯ ಬಸ್ಸು ಹಿಡಿಯಲು ನಡೆದರು. ಹಿಂದಿರುಗಿ ನೋಡಲಿಲ್ಲ.

ಆ ಹಿಂಗಾರಿಯಲ್ಲಿ ಶಾಲೆಯ ಹಿಂದಿನ ಮೂಲೆಯಲ್ಲಿ ಆರು ಕಾಳು ಊರಿದೆ. ಅವರು ಮಾಡುತ್ತಿದ್ದಂತೆ ಸುತ್ತಲೂ ಬೇಗ ರೋಗ ಹತ್ತುವ ಹಳೆಯ ಗೋಧಿ ಹಾಕಿದೆ. ರೋಗ ಬಿದ್ದ ಹೊಲವೊಂದರಿಂದ ಹುಡಿಯನ್ನು ಕರವಸ್ತ್ರದಲ್ಲಿ ತಂದು, ನೀರಿನಲ್ಲಿ ಕದಡಿ, ಸಂಜೆ ಚಿಮುಕಿಸಿದೆ. ಒಂದು ಹಳೆಯ ಸೀರೆಯನ್ನು ಅದಕ್ಕಾಗಿಯೇ ಇಟ್ಟುಕೊಂಡೆ. ಅದು ಹಳದಿಯಾಯಿತು. ಆರರಲ್ಲಿ ಎರಡಕ್ಕೆ ಭಂಡಾರ ಬಂತು. ನಾಲ್ಕರ ಎಲೆಗಳ ಮೇಲೆ ಸೂಜಿಮೊನೆಯಷ್ಟು ಬಿಳಿ ಕಲೆಗಳು. ತಡೆದುಕೊಂಡಿದ್ದವು!

ಅಂದೇ ಅವರಿಗೆ ತುಂಗಭದ್ರೆಯ ಕಡೆಯ ಕಚೇರಿಯ ವಿಳಾಸಕ್ಕೆ ಕಾಗದ ಬರೆದೆ. ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಅದು ತಿರುಗಿ ಬಂತು. ಈ ಹೆಸರಿನವರು ಇಲ್ಲಿ ಇಲ್ಲ ಎಂದು ಮೇಲೆ ಬರೆದಿತ್ತು. ಅವರು ಎಲ್ಲಿಗೆ ಹೋದರು, ಅವರ ಐದು ಕಾಳು ಏನಾದವು, ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಗಂಗವ್ವನ ಬಂಡಿ ನನ್ನ ಹೊರಕೋಣೆಯ ಬಾಗಿಲ ಮುಂದೆಯೇ ಹಾದುಹೋಯಿತು. ಬಾ ಎಂದು ಯಾರೂ ಕರೆಯಲಿಲ್ಲ. ಊರು ಖಾಲಿಯಾದ ಮೇಲೆ ನಾನು ಎರಡು ಸಜ್ಜಿ ರೊಟ್ಟಿ ತಟ್ಟಿಕೊಂಡು, ಹಳದಿ ಸೀರೆ ಉಟ್ಟು, ಶಾಲೆಯ ಹಿಂದೆ ಹೋದೆ. ಐದು ಕಲ್ಲಿಟ್ಟು ಪೂಜೆ ಮಾಡಿದೆ. ಗಿಡಗಳ ಸುತ್ತ ಚರಗ ಚೆಲ್ಲಿದೆ. ತೆನೆ ಮಾತ್ರ ಒಂದನ್ನೂ ಮುರಿಯಲಿಲ್ಲ.