ಕಾಕಾ ಮುಚ್ಚಬೇಡ ಎಂದ ಪುಟ

ಮನೆಗೆಲ್ಲ ಒಂದೇ ಮೊಬೈಲಿದ್ದ ದಿನಗಳವು. ಮರಾಠಿ ಸೀಮೆಯ ಕೊಂಢವಾ ಬಡಾವಣೆಯಲ್ಲಿದ್ದ ನಮ್ಮ ಎರಡು ಕೋಣೆಯ ಮನೆಯೆದುರು ಹೊಸ ಕಟ್ಟಡ ಏಳುತ್ತಿತ್ತು. ಒಣಹಾಕಿದ ಬಟ್ಟೆಗೂ ಅವ್ವನ ಹಪ್ಪಳಕ್ಕೂ ಸಿಮೆಂಟಿನದೇ ವಾಸನೆ. ನನಗಾಗ ಹತ್ತು ವರ್ಷ. ಭಾನುವಾರ ಬಂತೆಂದರೆ ದೌಂಡ ಊರಿನಿಂದ ರೈಲಿನಲ್ಲಿ ಕಾಕಾ ಬರುತ್ತಿದ್ದ.

ಕಾಕಾ ಅಪ್ಪನ ತಮ್ಮ. ರೈಲ್ವೆಯಲ್ಲಿ ಕಾರಕೂನ, ಮದುವೆಯಾಗದವನು. ಒಂದು ಕೈಯಲ್ಲಿ ಹುರಿದ ಶೇಂಗಾದ ಪೊಟ್ಟಣ, ಇನ್ನೊಂದರಲ್ಲಿ ರದ್ದಿ ಅಂಗಡಿಯಲ್ಲಿ ಸಿಕ್ಕ ದಪ್ಪ ಇಂಗ್ಲಿಷ್ ಪುಸ್ತಕ. ನೂರಾರು ವರ್ಷ ಹಿಂದಿನ ಇಟಲಿಯ ಮಹಾಕಾವ್ಯವಂತೆ. ಕಾಡಿನಲ್ಲಿ ದಾರಿ ತಪ್ಪಿದ ಕವಿಯೊಬ್ಬನಿಗೆ, ಎಂದೋ ತೀರಿಹೋದ ಹಿರಿಯ ಕವಿ ಗುರುವಾಗಿ ಬಂದು, ನರಕ ತೋರಿಸಿ, ಬೆಟ್ಟ ಹತ್ತಿಸಿ, ಸ್ವರ್ಗದ ಹತ್ತಿರದವರೆಗೆ ಕರೆದೊಯ್ಯುವ ಕಥೆ. ವಾರಕ್ಕೆ ಒಂದೇ ಸರ್ಗ. ಮೂರು ಸಾಲು ಇಂಗ್ಲಿಷಿನಲ್ಲಿ ಓದಿ, ಅರ್ಥವನ್ನು ನಮ್ಮ ವಿಜಾಪುರದ ಕನ್ನಡದಲ್ಲಿ ಹೇಳುತ್ತಿದ್ದ.

"ಲಗೂ ಲಗೂ ಓದೋ ಕಾಕಾ, ಸ್ವರ್ಗ ಯಾವಾಗ ಬರತದ?"

"ಇದು ಚಹಾ ಅಲ್ಲ ಚಿಮಣಿ, ಗಟಗಟ ಕುಡಿಯಾಕ. ಶೇಂಗಾ ಅದ. ಒಂದೊಂದ ಸುಲದು ತಿನಬೇಕು."

ಚಿಮಣಿ ಎಂದರೆ ಮರಾಠಿಯಲ್ಲಿ ಗುಬ್ಬಿ. ನನ್ನನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ.

ಊರಲ್ಲಿ ಅಜ್ಜ ಶ್ರಾವಣದಲ್ಲಿ ಪುರಾಣ ಓದುತ್ತಿದ್ದನಂತೆ. ಅಳು ಇರುವ ಕಡೆ ಪುಸ್ತಕ ಮುಚ್ಚಬಾರದು, ಒಂದು ಒಳ್ಳೆಯ ಮಾತು ಬರುವವರೆಗೂ ಓದಿಯೇ ಏಳಬೇಕು ಎಂಬುದು ಅವನ ನೇಮ. ಕಾಕಾ ಅದನ್ನೇ ಇಟಲಿಯ ಕಾವ್ಯಕ್ಕೂ ಹಚ್ಚಿದ. ನರಕದಲ್ಲಿ ಒಳ್ಳೆಯ ಮಾತು ಎಲ್ಲಿಂದ ಬರಬೇಕು? ಅವ್ವ ಮಾಡಿಟ್ಟ ಮಂಡಕ್ಕಿ ಸುಸಲಾ ತಣ್ಣಗಾದರೂ ಕಾಕಾ ಪುಟ ಮಗುಚುತ್ತಲೇ ಇರುತ್ತಿದ್ದ. ಕೊನೆಗೆ, "ಇಬ್ಬರೂ ಕೂಡಿ ಮುಂದ ನಡದರು ಅಂತ ಬಂತು ನೋಡು. ಇದ ಮಂಗಳ," ಎಂದು ಮುಚ್ಚುತ್ತಿದ್ದ.

ವಾರವಿಡೀ ನಾನು ಎದುರಿನ ಮರಳ ರಾಶಿಯ ಮೇಲೆ ಕಾವ್ಯದಲ್ಲಿನ ಆ ಬೆಟ್ಟದ ಏಳು ಮೆಟ್ಟಿಲು ಮಾಡುತ್ತಿದ್ದೆ. "ಹೇ ಕಾಯ್ ಖೇಳ್ ಆಹೇ?" ಎಂದು ಓಣಿಯ ಹುಡುಗಿಯರು ನಗುತ್ತಿದ್ದರು. ಇದೆಂಥ ಆಟ ಅನ್ನುವುದನ್ನು ಅವರಿಗೆ ಹೇಳಿ ತಿಳಿಸುವ ತಾಳ್ಮೆ ನನಗಿರಲಿಲ್ಲ.

ವರ್ಷದ ಮೇಲಾದಾಗ ಬೆಟ್ಟದ ತುದಿ ಬಂತು. ಕವಿ ಏನೋ ಹೇಳಲೆಂದು ಗುರುವಿನ ಕಡೆ ತಿರುಗುತ್ತಾನೆ. ಗುರು ಇಲ್ಲ. ಹೋಗಿಬರುತ್ತೇನೆ ಅಂತ ಒಂದು ಮಾತೂ ಹೇಳದೆ ಹೋಗಿಬಿಟ್ಟಿದ್ದಾನೆ. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಕಾಕಾನ ಕೈಯಿಂದ ಪುಸ್ತಕ ಕಿತ್ತು ಮುಚ್ಚಿಬಿಟ್ಟೆ.

"ಇಲ್ಲಿ ಮುಚ್ಚಬಾರದವ್ವಾ ಚಿಮಣಿ. ಇನ್ನೊಂದ ಪುಟ ಅಷ್ಟ."

"ಬ್ಯಾಡ! ಮೋಸಗಾರ ಅದಾನ ಅಂವಾ!"

ಪುಸ್ತಕ ಎದೆಗವುಚಿಕೊಂಡು ಮೂಲೆಯಲ್ಲಿ ಕುಳಿತೆ, ಕೊಡಲೇ ಇಲ್ಲ. ಕಾಕಾ ಗಡಿಯಾರ ನೋಡಿದ, ರೈಲಿನ ಹೊತ್ತಾಗಿತ್ತು. "ಬರೋ ಐತವಾರ ಮೊದಲ ಆ ಪುಟಾನ ಓದೋಣು," ಎಂದು ಚಪ್ಪಲಿ ಮೆಟ್ಟಿದ. ಮುಖ ತಿರುಗಿಸಿಕೊಂಡವಳು ನಾನು ಬಾಗಿಲಿಗೂ ಹೋಗಲಿಲ್ಲ.

ಬುಧವಾರ ಕಚೇರಿಯಲ್ಲಿ ಅವನಿಗೆ ಎದೆನೋವು ಬಂತು. ಅಪ್ಪ ದೌಂಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅವ್ವಾ, ನಾ ಪುಸ್ತಕ ಮುಚ್ಚಿದ್ದಕ್ಕ ಹಿಂಗಾತೇನ?"

"ಹುಚ್ಚಿ, ಪುಸ್ತಕ ಮುಚ್ಚಿದರ ಯಾರರೆ ಸಾಯತಾರೇನ?" ಎಂದು ಅವ್ವ ತಬ್ಬಿಕೊಂಡಳು. ನಾನು ನಂಬಲಿಲ್ಲ. ನನ್ನಿಂದಲೇ ಕಾಕಾ ಸತ್ತ ಎಂದು ಎಷ್ಟೋ ವರ್ಷ ಯಾರಿಗೂ ಹೇಳದೆ ನಂಬಿಕೊಂಡು ಬದುಕಿದೆ.

ಈಗ ಆ ಮರಳ ರಾಶಿಯ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಅವ್ವನೂ ಇಲ್ಲ. ಹೋದ ತಿಂಗಳು ಮನೆ ಖಾಲಿ ಮಾಡುವಾಗ ಪುಸ್ತಕ ಸಿಕ್ಕಿತು. ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಆ ಇನ್ನೊಂದು ಪುಟವನ್ನು ಮೊದಲ ಸಲ ಓದಿದೆ. ಗುರು ಹೋದದ್ದಕ್ಕೆ ಅಳುತ್ತಿರುವ ಕವಿಯನ್ನು, ಮುಂದೆ ಸ್ವರ್ಗಕ್ಕೆ ಕರೆದೊಯ್ಯಲು ಬಂದ ಒಬ್ಬಳು ಅಲ್ಲಿ ಕರೆಯುತ್ತಾಳೆ. ಗದರಿಸಿಯೇ ಕರೆಯುತ್ತಾಳೆ, ಆದರೆ ಹೆಸರು ಹಿಡಿದು. ಅಷ್ಟು ದೊಡ್ಡ ಕಾವ್ಯದಲ್ಲಿ ಅವನ ಹೆಸರು ಬರುವುದು ಅಲ್ಲೊಂದೇ ಕಡೆ. ಕಾಕಾ ನನಗೆ ಓದಿ ಹೇಳಬೇಕೆಂದಿದ್ದ ಮಂಗಳ ಅದು.

ಮೂರು ಸಾಲು ಗಟ್ಟಿಯಾಗಿ ಓದಿದೆ, ಅರ್ಥವನ್ನು ವಿಜಾಪುರದ ಕನ್ನಡದಲ್ಲಿ ಹೇಳಿದೆ. ಆಮೇಲೆ ಸುಮ್ಮನೆ ಕಾಯುತ್ತ ಕುಳಿತೆ. ಚಿಮಣಿ ಎಂದು ಕರೆಯುವವರು ಯಾರೂ ಇರಲಿಲ್ಲ.