ಅಮೃತಶಿಲೆಯಲ್ಲದ ಕಂಬಗಳು

ರಶೀದಣ್ಣ ಬೆರಳು ಮಡಚಿ ಕಂಬಕ್ಕೆ ಬಡಿದರು. ಟೊಳ್ಳು ಸದ್ದು ಬಂತು. 

ಅದು ಪೂರ್ವ ಆಫ್ರಿಕಾದ ಈ ದೇಶದ ಕೇಂದ್ರ ಬ್ಯಾಂಕಿನ ಹಳೆಯ ಸಭಾಂಗಣ. ಬಿಳಿಯರ ಆಳ್ವಿಕೆಯಲ್ಲಿ ಕಟ್ಟಿದ್ದು. ಹನ್ನೆರಡು ಎತ್ತರದ ಕಂಬಗಳು, ಮೇಲೊಂದು ಗುಮ್ಮಟ. ಕಂಬಗಳ ಅಮೃತಶಿಲೆ ಹಡಗಿನಲ್ಲಿ ಬಂದದ್ದೆಂದು ಇಲ್ಲಿನ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ. ದುರಸ್ತಿಯ ನಕ್ಷೆ ಬರೆಯಲು ದಾವಣಗೆರೆಯ ಶಾಮನೂರಿನಿಂದ ಬಂದ ನಾನೂ ಪ್ರತಿ ಹಾಳೆಯಲ್ಲಿ ‘ಅಮೃತಶಿಲೆ’ ಎಂದೇ ಬರೆದಿದ್ದೆ. ಗುಮ್ಮಟದ ಗಾರೆ ಕೆಲಸಕ್ಕೆ ಹರಿಹರದಿಂದ ರಶೀದಣ್ಣನನ್ನು ಕರೆಸಿದವಳೂ ನಾನೇ.

“ಇದು ಕಲ್ಲಲ್ಲ ಶಾರದಕ್ಕ, ಗಾರೆ ಐತೆ. ಸುಣ್ಣ ಅರೆದು ಬಳಿದು ತಿಕ್ಯಾರೆ. ನಮ್ಮಪ್ಪನೂ ಹಿಂಗೇ ಮಾಡ್ತಿದ್ದ.”

“ಸರಿಯಾಗಿ ನೋಡ್ರಿ. ಬಿರುಕು ಬಿಟ್ಟಾವಂತ ಸೋಮವಾರ ಇವನ್ನೆಲ್ಲ ಕಿತ್ತು ಹೊಸ ಕಲ್ಲು ಹಚ್ತಾರೆ.”

“ಕೀಳೋದು ಬ್ಯಾಡ ಅನ್ರಿ ಮೊದ್ಲು.”

ಕಟ್ಟಡದ ಉಸ್ತುವಾರಿ ಈ ದೇಶದವರೇ ಆದ ನೀಮಾ ಅವರದು. ಅವರನ್ನು ಕರೆತಂದೆ. ಬುಡದಲ್ಲಿ ಮೊದಲೇ ಬಿರುಕು ಬಿಟ್ಟಿದ್ದ ಚಕ್ಕೆಯನ್ನು ರಶೀದಣ್ಣ ಉಳಿಯಿಂದ ಎಬ್ಬಿಸಿದರು. ಒಳಗೆ ಕೆಂಪು ಇಟ್ಟಿಗೆ. ನೀಮಾ ಮೆಟ್ಟಿಲ ಮೇಲೆ ಕುಳಿತರು.

“ನಮ್ಮಜ್ಜ ಇಲ್ಲಿ ಕೆಲಸ ಮಾಡಿದ್ದರು,” ಎಂದರು. “ಬಿಳಿಯರು ಕೆತ್ತಿದರು, ನಮ್ಮವರು ಕಲ್ಲು ಹೊತ್ತರು ಎಂದೇ ಎಲ್ಲರೂ ಹೇಳುತ್ತಿದ್ದರು. ಅಜ್ಜ ಮಾತ್ರ ತಾನು ಫುಂಡಿ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು.”

ಫುಂಡಿ ಎಂದರೆ ಇಲ್ಲಿನ ಭಾಷೆಯಲ್ಲಿ ಕಸುಬುದಾರ.

ಮೂರು ದಿನ ನೀಮಾ ಬ್ಯಾಂಕಿನ ಹಳೆಯ ಕಡತಗಳನ್ನು ಜಾಲಾಡಿದರು. ಅಮೃತಶಿಲೆ ಎಂಬ ಪದ ಎಲ್ಲೂ ಇರಲಿಲ್ಲ. ಗಾರೆಯವರ ಪಟ್ಟಿಯಲ್ಲಿ ಅಜ್ಜನ ಹೆಸರಿತ್ತು. ಕಂಬ ಕೀಳುವ ಆದೇಶ ರದ್ದಾಯಿತು.

ರಶೀದಣ್ಣ ಇಲ್ಲಿನ ಇಬ್ಬರು ಫುಂಡಿಗಳ ಜೊತೆ ಕಂಬಗಳನ್ನು ಸರಿಪಡಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಮಧ್ಯಾಹ್ನ ಒಂದೇ ತಟ್ಟೆಯಿಂದ ಉಗಾಲಿ ಮುರಿದು ತಿನ್ನುತ್ತಿದ್ದರು. ಉಗಾಲಿ ಎಂದರೆ ಮೆಕ್ಕೆಜೋಳದ ಮುದ್ದೆ. ನಮ್ಮ ಸೀಮೆಯಲ್ಲಿ ಲಾರಿ ತುಂಬಿ ಮಾರಿಬಿಡುವ ಮೆಕ್ಕೆಜೋಳ ಇಲ್ಲಿ ದಿನದ ಊಟ. ಮೊದಲ ತಿಂಗಳು ಅದು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈಗ ಎರಡನೇ ಸಲ ಕೇಳಿ ಹಾಕಿಸಿಕೊಳ್ಳುತ್ತೇನೆ.

ಕೆಲಸ ಮುಗಿದ ಮೇಲೆ ರಶೀದಣ್ಣನ ಜೊತೆ ನಾನೂ ರಜೆಯ ಮೇಲೆ ನಮ್ಮ ಸೀಮೆಗೆ ಹೋದೆ. ನಾಲ್ಕನೆಯ ದಿನ ಅವ್ವ ರೊಟ್ಟಿ ತಟ್ಟುತ್ತಾ, “ಊರಿಗೆ ಯಾವಾಗ ಹೊಂಟಿಯವ್ವಾ?” ಎಂದಳು.

ನಾನು ಕುಳಿತಿದ್ದದ್ದು ಶಾಮನೂರಿನಲ್ಲಿ, ನಾನು ಹುಟ್ಟಿದ ಮನೆಯಲ್ಲಿ. ಕಂಬಗಳಿರುವ ದೇಶವನ್ನೇ ನನ್ನ ಊರು ಅಂದದ್ದು ಅವ್ವನಿಗೆ ಹೊಳೆದಂತಿರಲಿಲ್ಲ.

“ಮುಂದಿನ ವಾರ,” ಎಂದೆ.